ಅಂಗಳದ ಲಂಗರು

ಕುಂದಾಪುರದ ಹೊಳೆಬದಿಯಲ್ಲಿ ಭಾನುವಾರದ ಸಾಯಂಕಾಲ ಕೂಡುವ ನಮ್ಮ ಐವರ ಗೋಷ್ಠಿಯ ಪ್ರಸ್ತಾಪವು ಈ ಪುಟದಲ್ಲಿ ಹಿಂದೆಯೂ ಒಂದೆರಡು ಬಾರಿ ಬಂದುಹೋಗಿದೆ. ಹೊಸ ವಾಚಕರಿಗಾಗಿ ಮತ್ತೊಮ್ಮೆ ಪರಿಚಯ ಹೇಳಿಬಿಡುವೆವು. ಇದು ಸಂಘವಲ್ಲ, ಅಧ್ಯಕ್ಷರಿಲ್ಲ, ವಂತಿಗೆಯಿಲ್ಲ, ನಿರ್ಣಯಗಳಂತೂ ಇಲ್ಲವೇ ಇಲ್ಲ. ಹಡಗು, ಬಂದರು, ಕಡಲ ವ್ಯಾಪಾರಗಳ ಹಳೆಯ ಸಂಗತಿಗಳಲ್ಲಿ ಆಸಕ್ತಿಯುಳ್ಳ ಐದು ಜನ ಒಂದೆಡೆ ಕುಳಿತು ಮಾತನಾಡುವರು, ಅಷ್ಟೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಕುಂದಾಪುರದ ಮಿತ್ರರೊಬ್ಬರು; ಬೈಂದೂರಿನಾಚೆಯ ಶಿರೂರಿನಿಂದ ಬರುವ ಜವಳಿ ವ್ಯಾಪಾರಿಗಳಾದ ಸಾಹೇಬರು; ಬ್ರಹ್ಮಾವರದ ತರುಣ ಇಂಜಿನಿಯರು; ಗಂಗೊಳ್ಳಿಯ ವೃದ್ಧ ತಂಡೇಲರು; ಐದನೆಯವರು ನಾವು. ಗಂಗೊಳ್ಳಿಯು ನಾವು ಕುಳಿತಲ್ಲಿಂದ ಕಣ್ಣಿಗೆ ಕಾಣುವಷ್ಟು ಸಮೀಪವಿದ್ದರೂ ರಸ್ತೆಯಿಂದ ಬರುವವರು ತ್ರಾಸಿಯ ಮಾರ್ಗವಾಗಿ ಸುತ್ತಿಯೇ ಬರಬೇಕು. ಎಂಬತ್ತು ದಾಟಿದ ತಂಡೇಲರು ಈ ಸುತ್ತನ್ನು ಇಂದಿಗೂ ಒಪ್ಪಿಕೊಂಡಿಲ್ಲ. ಬಸ್ಸಿನಿಂದ ಇಳಿದೊಡನೆ ಐದು ನದಿಗಳ ಆ ಸಂಗಮವನ್ನೊಮ್ಮೆ ನೋಡಿ, “ದೋಣಿಯಾಗಿದ್ದರೆ ಬೀಡಿ ಆರುವುದರೊಳಗೆ ಬರುತ್ತಿದ್ದೆ” ಎನ್ನುವರು.

ನಮ್ಮಲ್ಲಿರುವ ಏಕಮಾತ್ರ ಆಸ್ತಿಯೆಂದರೆ ಒಂದು ನೋಟುಪುಸ್ತಕ. ಅದರ ಪ್ರತಿ ಪುಟವನ್ನೂ ಮೂರು ಪಾಲು ಮಾಡಿ ‘ಕಂಡದ್ದು’, ‘ಕೇಳಿದ್ದು’, ‘ಓದಿದ್ದು’ ಎಂದು ಗೆರೆ ಎಳೆದವನು ಇಂಜಿನಿಯರು. ಹಾಗೆ ಗೆರೆ ಎಳೆಯಬೇಕಾಗಿ ಬಂದುದಕ್ಕೆ ಮೂಲಕಾರಣ ನಾವೇ ಎಂಬುದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ.

ಸಂಗತಿ ಹೀಗೆ. ಮೂವತ್ತಕ್ಕೂ ಮಿಕ್ಕಿ ವರ್ಷ ಪಾಠ ಹೇಳಿದ ನಮಗೆ ಯಾವ ಶಬ್ದ ಸಿಕ್ಕಿದರೂ ಅದರ ಬೇರನ್ನು ಸಂಸ್ಕೃತದಲ್ಲಿ ಹುಡುಕುವುದು ರೂಢಿ. ‘ಬೈತ್ರ’ವೆಂಬ ಹಳಗನ್ನಡದ ಹಡಗು ‘ವಹಿತ್ರ’ದ ತದ್ಭವವೆಂದು ಹೇಳಿದಾಗ ಎಲ್ಲರೂ ತಲೆದೂಗಿದರು. ಆ ಉತ್ಸಾಹದಲ್ಲಿ ‘ಚುಕ್ಕಾಣಿ’ಗೂ ಒಂದು ಸಂಸ್ಕೃತ ಮೂಲವನ್ನು ನಾವೇ ಕಲ್ಪಿಸಿ, ವ್ಯಾಕರಣದ ಬಲದಿಂದ ಅರ್ಧಗಂಟೆ ಸಮರ್ಥಿಸಿದೆವು. ಸಾಹೇಬರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, “ಮಾಸ್ಟ್ರೇ, ಅರಬ್ಬಿಯಲ್ಲಿ ಅದಕ್ಕೆ ಸುಕ್ಕಾನ್ ಎನ್ನುತ್ತಾರಲ್ಲ” ಎಂದರು. ನಮ್ಮ ಅರ್ಧಗಂಟೆಯ ವ್ಯಾಕರಣ ಅಲ್ಲಿಗೆ ಮುಳುಗಿತು. ಅಲ್ಲಿಂದ ಮುಂದೆ ಅವರೇ ಒಂದೊಂದಾಗಿ ತೆಗೆದು ಮುಂದಿಟ್ಟರು: ಲಂಗರು ಪಾರಸಿ, ಬಂದರು ಪಾರಸಿ, ಖಲಾಸಿ ಅರಬ್ಬಿ, ನಾವೆಯ ಒಡೆಯನೆಂಬ ಅರ್ಥದ ನಾಖುದಾ ಸಹ ಪಾರಸಿಯೇ. ಶಿರೂರು, ಗಂಗೊಳ್ಳಿಗಳ ಕಡೆ ಇದು ಒಂದು ಸಮುದಾಯದ ಹೆಸರೇ ಆಗಿ ನಿಂತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಸಾಹೇಬರೂ ಆ ಮನೆತನದವರೇ. ಕರಾವಳಿಯ ಶಾಸನಗಳಲ್ಲಿ ವಿದೇಶೀ ವರ್ತಕರ ಕೂಟಕ್ಕೆ ‘ಹಂಜಮಾನ’ವೆಂಬ ಹೆಸರಿದೆ, ಅದು ಪಾರಸಿಯ ‘ಅಂಜುಮನ್’ ಎಂಬುದನ್ನು ನಾವು ಓದಿದ್ದೆವು. ಓದಿದ್ದರೂ ನಮ್ಮ ನಾಲಗೆಯ ಮೇಲಿದ್ದ ಚುಕ್ಕಾಣಿಯನ್ನು ಸಂದೇಹಿಸುವ ಬುದ್ಧಿ ಬಂದಿರಲಿಲ್ಲ.

ಹಾಗೆಂದು ಸಂಸ್ಕೃತವು ಪೂರ್ತಿಯಾಗಿ ಕೈಬಿಡಲಿಲ್ಲ. ‘ಕರ್ಣಧಾರ’ವೆಂದರೆ ನಾವಿಕ, ‘ಕರ್ಣ’ವೆಂದರೆ ಚುಕ್ಕಾಣಿ ಎಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವು. ಹಡಗಿನ ಹಿಂಭಾಗದ ನಟ್ಟನಡುವೆ ತೂಗುವ ಹಲಗೆಗೆ ಕಿವಿಯೆಂದು ಹೆಸರೇಕೆ ಬಂತೆಂದು ಯಾವ ಮಗುವೂ ಕೇಳಲಿಲ್ಲ, ನಮಗೂ ತೋರಲಿಲ್ಲ. ಇಂಜಿನಿಯರು ಅಜಂತೆಯ ಎರಡನೆಯ ಗುಹೆಯಲ್ಲಿರುವ ಹಡಗಿನ ಚಿತ್ರವನ್ನು ತಂದು ತೋರಿಸಿದನು. ಮೂರು ಕೂವೆಮರದ ಆ ಹಡಗಿನ ಹಿಂಬದಿಯ ಪಕ್ಕದಲ್ಲಿ ಚುಕ್ಕಾಣಿಯ ಕೆಲಸಕ್ಕಾಗಿ ಉದ್ದನೆಯ ಹುಟ್ಟುಗಳಿವೆ. ತಲೆಗೆ ಕಿವಿಯಿರುವಂತೆ ಪಕ್ಕದಲ್ಲಿ! ಚಿತ್ರವನ್ನು ಎಷ್ಟೋ ಹೊತ್ತು ನೋಡುತ್ತ ಕುಳಿತೆವು. ಇದೇ ಹೆಸರಿನ ಕಾರಣವೆಂದು ಆಣೆಯಿಡಲಾರೆವು. ಆದರೆ ಅಂದಿನಿಂದ ಆ ಶಬ್ದವು ನಮಗೆ ಬರಿಯ ಶಬ್ದವಾಗಿ ಉಳಿದಿಲ್ಲ.

ತಂಡೇಲರ ಓದು ಮೂರನೆಯ ತರಗತಿಗೇ ಮುಗಿದಿತ್ತು. ಆದರೂ ಗ್ರಂಥಸ್ಥವಾದ ಸಂಗತಿಗೆ ಕೆಲವೊಮ್ಮೆ ಅವರಿಂದಲೇ ವ್ಯಾಖ್ಯಾನ ದೊರೆಯುವುದುಂಟು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವಿನಲ್ಲಿ ಸಮುದ್ರಕ್ಕಿಳಿಯುವ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದು, ಕಡಲೊಳಗಿನ ಅಯಸ್ಕಾಂತದ ಬಂಡೆಗಳು ಅದನ್ನು ಸೆಳೆಯುವುವು ಎಂದು ಹೇಳಿದೆ. ನಾವು ಇದನ್ನು ಓದಿ ಹೇಳಲು ತಂಡೇಲರು ನಕ್ಕುಬಿಟ್ಟರು. ಅಳಿವೆಯ ಬಾಯಲ್ಲಿ ಮರಳದಿಬ್ಬಕ್ಕೆ ತಳ ಬಡಿಯುವಾಗ ಮೊಳೆ ಹೊಡೆದ ಹಲಗೆ ಸೀಳುವುದು. ತೆಂಗಿನ ನಾರಿನ ಹುರಿಯಿಂದ ಹೊಲಿದ ಹಲಗೆಯಾದರೋ ತುಸು ಬಾಗಿ ಏಟನ್ನು ನುಂಗಿಕೊಳ್ಳುವುದು. ಮೇಲಾಗಿ ಉಪ್ಪುನೀರಿಗೆ ಕಬ್ಬಿಣ ಎಷ್ಟು ದಿನ ಬಾಳೀತು? ರಾಂಪಣಿ ಬಲೆಯ ದೋಣಿಗಳನ್ನು ಹೊಲಿಯುವುದನ್ನು ಅವರು ಬಾಲ್ಯದಿಂದಲೂ ಕಂಡವರು. ಮಾರ್ಕೋ ಪೋಲೋ ಎಂಬ ಯಾತ್ರಿಕನು 13ನೆಯ ಶತಮಾನದಲ್ಲಿ ಹೊರ್ಮುಜಿನ ಬಂದರಿನಲ್ಲಿ ಇಂಥ ಹೊಲಿದ ಹಡಗುಗಳನ್ನು ಕಂಡು, ಇವು ಕೆಟ್ಟ ಹಡಗುಗಳೆಂದು ಬರೆದಿಟ್ಟಿದ್ದಾನೆ. ಇದನ್ನು ಕೇಳಿ ತಂಡೇಲರು, “ಅವನಿಗೆ ನಮ್ಮ ಅಳಿವೆ ಗೊತ್ತಿರಲಿಕ್ಕಿಲ್ಲ” ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಅಂಬಿಗರ ಮಕ್ಕಳು ಎಷ್ಟೋ ಜನ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ವಾಸ್ಕೋ ಡ ಗಾಮನು 1498ರಲ್ಲಿ ಬಂದನೆಂದು ಅವರಿಂದ ಹೇಳಿಸಿದೆವೇ ಹೊರತು, ನಿಮ್ಮ ತಂದೆಯ ದೋಣಿಯನ್ನು ಯಾವುದರಿಂದ ಹೊಲಿಯುವರೆಂದು ಒಂದು ದಿನವೂ ಕೇಳಲಿಲ್ಲ.

ಬ್ರಹ್ಮಾವರದ ತರುಣನಿಗೆ ತನ್ನ ನೆರೆಯ ಬಾರ್ಕೂರಿನ ಮೇಲೆ ಅಭಿಮಾನ ಹೆಚ್ಚು. 1342-43ರ ಸುಮಾರಿಗೆ ಈ ತೀರದಲ್ಲಿ ಸಾಗಿದ ಇಬ್ನ್ ಬತೂತನು ‘ಫಾಕನೂರ್’ ಎಂದು ಕರೆದುದು ಬಾರ್ಕೂರನ್ನೇ. ಅಲ್ಲಿಯ ಅರಸ ವಾಸುದೇವನಿಗೆ ಸುಮಾರು 30 ಯುದ್ಧನೌಕೆಗಳಿದ್ದುವೆಂದೂ, ಅವುಗಳ ನಾಯಕ ಲೂಲನೆಂಬ ಮುಸಲ್ಮಾನನೆಂದೂ, ಅಲ್ಲಿ ಉತ್ತಮ ಕಬ್ಬು ಬೆಳೆಯುತ್ತಿತ್ತೆಂದೂ ಅವನು ಬರೆದಿದ್ದಾನೆ. ಇಷ್ಟನ್ನು ತರುಣನು ಹೆಮ್ಮೆಯಿಂದ ಓದಿ ಪುಸ್ತಕ ಮುಚ್ಚಿದನು. ಸಾಹೇಬರು ಬಿಡಬೇಕಲ್ಲ! ಮುಂದಿನದನ್ನು ಅವರೇ ಓದಿದರು: ಆ ಲೂಲನು ದುಷ್ಟ, ಕಡಲುಗಳ್ಳ, ವರ್ತಕರನ್ನು ಸುಲಿಯುವವನು, ಆ ಬಂದರಿಗೆ ಕಾಣಿಕೆ ಕೊಡದೆ ಹಾದುಹೋಗುವ ಹಡಗನ್ನು ಬೆನ್ನಟ್ಟಿ ಹಿಡಿದು ಇಮ್ಮಡಿ ಸುಂಕ ವಸೂಲು ಮಾಡುವುದು ಅಲ್ಲಿಯ ಪದ್ಧತಿ. ಅಂದಿನಿಂದ ಚಹದ ಹಣ ಕೊಡುವ ಸರದಿ ತಪ್ಪಿಸಿದವರಿಗೆಲ್ಲ ನಮ್ಮಲ್ಲಿ ‘ಬಾರ್ಕೂರಿನ ಸುಂಕ’ ಬೀಳುತ್ತದೆ.

ಇದೇ ಯಾತ್ರಿಕನು ಪೂರ್ವದೇಶದ ಒಂದೆಡೆ ತನಗೆ ನಾಲ್ಕು ‘ಮರ್ತಬಾನ್’ಗಳು ಉಡುಗೊರೆಯಾಗಿ ಬಂದುವೆಂದು ಬರೆದಿದ್ದಾನೆ. ಅವು ದೊಡ್ಡ ಭರಣಿಗಳು. ಒಳಗೆ ಕಡಲಯಾನಕ್ಕೆಂದು ಉಪ್ಪು ಬೆರೆಸಿಟ್ಟ ಶುಂಠಿ, ಮೆಣಸು, ನಿಂಬೆ, ಮಾವು. ಬರ್ಮಾದೇಶದ ಮರ್ತಬಾನ್ ಎಂಬ ರೇವುಪಟ್ಟಣದಿಂದ ಆ ಭರಣಿಗೆ ಹೆಸರು ಬಂತು. ಉತ್ತರದವರ ಅಡುಗೆಮನೆಯಲ್ಲಿ ಇಂದಿಗೂ ಅದಕ್ಕೆ ಅದೇ ಹೆಸರು. ನಾವಿದನ್ನು ಮಹಾ ಸಂಶೋಧನೆಯೆಂಬಂತೆ ಮನೆಯಲ್ಲಿ ಹೇಳಿದಾಗ ನಮ್ಮ ಗೃಹಿಣಿಯು, “ಉಪ್ಪಿನಲ್ಲಿ ಹಾಕಿದ ಮಾವು ಕೆಡುವುದಿಲ್ಲವೆಂದು ತಿಳಿಯಲು ಇಷ್ಟು ದೊಡ್ಡ ಪುಸ್ತಕ ಬೇಕಾಯಿತೇ?” ಎಂದು ಕೇಳಿದಳು. ಇದನ್ನು ‘ಕೇಳಿದ್ದು’ ಎಂಬ ಪಾಲಿನಲ್ಲಿ ಬರೆದುಕೊಂಡಿದ್ದೇವೆ.

ಇಷ್ಟು ಹಗುರವಾಗಿ ಸಾಗುತ್ತಿದ್ದ ನಮ್ಮ ಮಾತುಕತೆ ಈ ಸಲದ ಬೇಸಗೆಯಲ್ಲಿ ಒಂದು ಕಡೆ ತಳ ಹತ್ತಿ ನಿಂತಿತು.

ಬ್ಯಾಂಕಿನ ಮಿತ್ರರ ಮನೆಯಂಗಳದಲ್ಲಿ ತುಳಸಿಕಟ್ಟೆಯ ಹಿಂದೆ ಅರ್ಧ ಮಣ್ಣಲ್ಲಿ ಹೂತ ಒಂದು ಹಳೆಯ ಲಂಗರು ಇದೆ. ಅದು ಶಿವಾಜಿ ಮಹಾರಾಜರ ನೌಕಾಪಡೆಯದೆಂದು ಅವರ ಮನೆತನದ ಮಾತು. ಶಿವಾಜಿಯು 1665ರ ಫೆಬ್ರುವರಿಯಲ್ಲಿ ಮಾಲವಣದಿಂದ ಕಡಲಮಾರ್ಗವಾಗಿ ಬಂದು, ನಮ್ಮಿಂದ ಹೊಳೆಯ ಮೇಲಕ್ಕಿರುವ ಬಸರೂರನ್ನು ಸೂರೆಮಾಡಿದುದು ನಿಜ. 85 ಸಣ್ಣ ನೌಕೆಗಳೂ 3 ದೊಡ್ಡ ಹಡಗುಗಳೂ ಇದ್ದುವೆಂದು ಆಗ ಕಾರವಾರದಲ್ಲಿ ಕೋಠಿ ಹೂಡಿದ್ದ ಇಂಗ್ಲಿಷರು ಬರೆದಿಟ್ಟಿದ್ದಾರೆ. ಮರಳುವಾಗ ಅವನು ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದುದೂ ಇತಿಹಾಸಸಿದ್ಧವೇ. ಅಷ್ಟು ನೌಕೆಗಳಲ್ಲಿ ಒಂದರ ಲಂಗರು ಕುಂದಾಪುರದಲ್ಲಿ ಏಕೆ ಉಳಿದಿರಬಾರದು? ಮಿತ್ರರ ಮೊಮ್ಮಗನು ಶಾಲೆಯಲ್ಲಿ ಈ ಬಗ್ಗೆ ಪ್ರಬಂಧ ಬರೆದು ಬಹುಮಾನವನ್ನೂ ಪಡೆದಿದ್ದನು.

ಒಂದು ಭಾನುವಾರ ನಾವೆಲ್ಲರೂ ಅಲ್ಲಿಯೇ ಕೂಡಿದೆವು. ‘ಕಂಡದ್ದು’ ಎಂಬ ಪಾಲಿಗೆ ಲಂಗರನ್ನು ಸೇರಿಸೋಣವೆಂದು ನಾವೇ ಹುಣಿಸೆಹುಳಿ ತರಿಸಿ, ತುಕ್ಕು ಹೋಗುವಂತೆ ಅದರ ದಂಡವನ್ನು ತಿಕ್ಕಿಸಿದೆವು. ತುಕ್ಕಿನ ಜೊತೆಗೆ ಕುಂಕುಮದ ಹಳೆಯ ಬಣ್ಣವೂ ಕರಗಿ ಹರಿಯಿತು. ಅದನ್ನು ಕಂಡೂ ನಾವು ಲಕ್ಷ್ಯಮಾಡಲಿಲ್ಲ. ಕೆಳಗೆ ಮೂಡಿದುದು 2, 1, 14 ಎಂಬ ಮೂರು ಅಂಕಿಗಳು. ನಮಗಿಂತ ಹಿಂದಿನ ತಲೆಮಾರಿನವರ ಲೆಕ್ಕದ ಪುಸ್ತಕದಲ್ಲಿದ್ದ ಇಂಗ್ಲಿಷ್ ತೂಕ ಅದು: 112 ಪೌಂಡಿನ ಹಂಡ್ರೆಡ್‌ವೇಟು 2, 28 ಪೌಂಡಿನ ಕ್ವಾರ್ಟರು 1, ಮೇಲೆ ಪೌಂಡು 14. ಒಟ್ಟು 266 ಪೌಂಡು, ಎಂದರೆ ಈಗಿನ 120 ಕಿಲೋಗ್ರಾಮಿಗೆ ತುಸು ಹೆಚ್ಚು. ಇಂಗ್ಲಿಷರು ಆಗಲೇ ಕಾರವಾರದಲ್ಲಿದ್ದರಲ್ಲ, ಮರಾಠರು ಅವರಿಂದ ಕೊಂಡಿರಬಾರದೇಕೆ ಎಂದು ಮಿತ್ರರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆಗ ಇಂಜಿನಿಯರು ಲಂಗರಿನ ತೋಳುಗಳನ್ನು ತೋರಿಸಿದನು. ಹಿಂದಿನ ಕಾಲದ ಇಂಗ್ಲಿಷ್ ಲಂಗರುಗಳಲ್ಲಿ ಎರಡು ನೇರ ತೋಳುಗಳು ಬಂದು ಕೋನವಾಗಿ ಕೂಡುತ್ತಿದ್ದುವು. ಬಿಲ್ಲಿನಂತೆ ಬಾಗಿದ ತೋಳು ಅವರಲ್ಲಿ ರೂಢಿಗೆ ಬಂದುದು 19ನೆಯ ಶತಮಾನದಲ್ಲಿ. ಇದರ ತೋಳು ಬಿಲ್ಲಿನಂತೆಯೇ ಬಾಗಿತ್ತು.

ಅವನು ಅಷ್ಟಕ್ಕೇ ನಿಲ್ಲಿಸಿದ್ದನು. ನಾವು ನಿಲ್ಲಿಸಲಿಲ್ಲ. ಕರಾವಳಿಯಲ್ಲಿ ಪ್ರತಿಯೊಂದು ಲಂಗರೂ ಶಿವಾಜಿಯದು, ಪ್ರತಿಯೊಂದು ಕಲ್ಲೂ ಪೋರ್ತುಗೀಸರದು ಎನ್ನುವ ಚಪಲವನ್ನು ಕುರಿತು, ಮಿತ್ರರ ಸೊಸೆ, ಮೊಮ್ಮಗ ಎಲ್ಲರೂ ನಿಂತಿರುವಾಗಲೇ, ತರಗತಿಯ ಧ್ವನಿಯಲ್ಲಿ ಹತ್ತು ನಿಮಿಷ ಉಪನ್ಯಾಸ ಮಾಡಿದೆವು. ಹೇಳಿದುದರಲ್ಲಿ ತಪ್ಪಿರಲಿಲ್ಲ. ಆದರೆ ಹುಡುಗನ ಮುಖ ಸಣ್ಣದಾದುದನ್ನು ಮನೆಗೆ ಬಂದ ಮೇಲೆ ನೆನೆದೆವು. ಚುಕ್ಕಾಣಿಯ ವಿಷಯದಲ್ಲಿ ಸಾಹೇಬರು ನಮ್ಮನ್ನು ತಿದ್ದಿದ ರೀತಿಯೂ ಆಗಲೇ ನೆನಪಾದುದು.

ಮುಂದಿನ ಮೂರು ಭಾನುವಾರ ಮಿತ್ರರು ಹೊಳೆಬದಿಗೆ ಬರಲಿಲ್ಲ. ದೂರವಾಣಿಯಲ್ಲಿ ಕೇಳಿದರೆ ಮೊಣಕಾಲು ನೋವೆಂದರು. ಉಳಿದ ನಾಲ್ವರು ಕೂಡಿದೆವು, ಚಹ ಕುಡಿದೆವು, ಎದ್ದೆವು, ನೋಟುಪುಸ್ತಕ ತೆರೆಯಲಿಲ್ಲ. ನಾಲ್ಕನೆಯ ವಾರ ಅವರ ಮೊಮ್ಮಗನೇ ಬಂದು, “ಮುದ್ದಜ್ಜಿ ಮಾಸ್ಟ್ರನ್ನೂ ಗಂಗೊಳ್ಳಿಯ ಅಜ್ಜನನ್ನೂ ಬರಹೇಳಿದ್ದಾರೆ” ಎಂದನು.

ಮಿತ್ರರ ತಾಯಿಯವರು ತೊಂಬತ್ತರ ಸಮೀಪದವರು. ಜಗಲಿಯಲ್ಲಿ ಗೋಡೆಗೊರಗಿ ಕುಳಿತಿದ್ದರು. ನಮ್ಮನ್ನು ಕಂಡೊಡನೆ, “ಮಾಸ್ಟ್ರೇ, ಲಂಗರು ತೊಳೆಸಿದ್ದು ನೀವೋ?” ಎಂದರು. ಹೌದೆಂದೆವು. “ಅದು ಶಿವಾಜಿಯದಲ್ಲವೆಂದು ನನಗೆ ಗೊತ್ತಿತ್ತು. ನನ್ನ ಹತ್ತಿರ ಕೇಳಿದವರು ಯಾರು?” ಎಂದರು. ಆಮೇಲೆ ಅವರು ಹೇಳಿದುದನ್ನು, ಮನೆಯವರ ಅನುಮತಿಯಿಂದ, ಸಂಕ್ಷೇಪವಾಗಿ ಇಲ್ಲಿ ಬರೆಯುತ್ತೇವೆ.

ಅವರು ಆ ಮನೆಗೆ ಸೊಸೆಯಾಗಿ ಬಂದುದು 1954ರಲ್ಲಿ. ಮಾವನವರಿಗೆ ಒಂದು ಮಂಜಿ ಇತ್ತು. ಮಂಜಿಯೆಂದರೆ ಹಾಯಿಯಿಂದ ಸಾಗುವ ಸರಕಿನ ನೌಕೆ. ಈಗಿನ ಮಕ್ಕಳು ಅದನ್ನು ಕಂಡಿರಲಾರರು. ಮಳೆಗಾಲ ಕಳೆದ ಮೇಲೆ ಇಲ್ಲಿಯ ಹಂಚನ್ನು ಮುಂಬಯಿಗೆ ಒಯ್ಯುವುದು, ಬರುವಾಗ ಈರುಳ್ಳಿ, ಬಟ್ಟೆಬರೆ ತರುವುದು. ಮುಂಗಾರಿಗೆ ಮುಂಚೆ ದಡಕ್ಕೆಳೆದು ತೆಂಗಿನ ಮಡಲು ಹೊದಿಸಿ ಬಿಡುವುದು. ಲಂಗರನ್ನು ಮುಂಬಯಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಮಾವನವರು ಕೊಂಡುತಂದಿದ್ದರು. 1958ರ ಮೇ ತಿಂಗಳ ಕೊನೆಗೆ, ಆ ವರ್ಷದ ಕಡೆಯ ಪ್ರಯಾಣ ಮುಗಿಸಿ ಮಂಜಿಯು ಅಳಿವೆಯ ಹೊರಗೆ ಬಂದಿತು. ನೀರು ಇಳಿತವಿತ್ತು, ಭರತಕ್ಕಾಗಿ ಕಾಯಬೇಕು. ಅಷ್ಟರಲ್ಲಿ ಗಾಳಿ ಎದ್ದಿತು. ಒಂದು ಲಂಗರು ಹಿಡಿಯಲಾರದೆ ಮಂಜಿಯು ಮರಳದಿಬ್ಬದ ಕಡೆಗೆ ಜರಗತೊಡಗಿತು. ಆಗ ಅವರ ಭಾವ, ಇಪ್ಪತ್ತಾರು ವರ್ಷದವರು, ಇಬ್ಬರು ಖಲಾಸಿಗಳೊಡನೆ ಸಣ್ಣ ಹೋಡಿಗೆ ಇಳಿದು, ಈ ಎರಡನೆಯ ಲಂಗರನ್ನು ಗಾಳಿಗೆದುರಾಗಿ ಒಯ್ದು ಕೆಡವಿದರು. ಕೆಡವಿದ ಮೇಲೆ ಹೋಡಿ ಮಗುಚಿತು. ಖಲಾಸಿಗಳಿಬ್ಬರೂ ಈಜಿ ಹಗ್ಗ ಹಿಡಿದರು. ಭಾವ ಸಿಕ್ಕಲಿಲ್ಲ. ಲಂಗರು ರಾತ್ರಿಯಿಡೀ ಹಿಡಿದು ನಿಂತಿತು, ಮಂಜಿಯಲ್ಲಿದ್ದವರೆಲ್ಲ ಬದುಕಿದರು. ಬೆಳಿಗ್ಗೆ ಭರತದ ನೀರಿಗೆ ಒಳಗೆ ಬಂದರು.

ಮಾವನವರು ಮರುವರ್ಷವೇ ಮಂಜಿಯನ್ನು ಮಾರಿಬಿಟ್ಟರು. ಲಂಗರನ್ನು ಮಾತ್ರ ಕೊಡಲಿಲ್ಲ. ಭಾವನ ಹೆಂಡತಿಯು ಅದೇ ಮನೆಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಬಾಳಿದರು. ಅವರೆದುರಿಗೆ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಕ್ಕಳು ಆಟವಾಡುತ್ತ, ಇದು ಯಾರದೆಂದು ಅಜ್ಜನನ್ನು ಕೇಳಿದಾಗ, ಅವರು ಬಾಯಿಗೆ ಬಂದಂತೆ “ಶಿವಾಜಿ ಮಹಾರಾಜನದು” ಎಂದರಂತೆ. ಪ್ರತಿವರ್ಷ ನೂಲ ಹುಣ್ಣಿಮೆಯ ದಿನ, ಕಡಲಿಗೆ ಪೂಜೆ ಸಲ್ಲುವಾಗ, ಭಾವನ ಹೆಂಡತಿಯು ಲಂಗರಿಗೆ ಕುಂಕುಮವಿಟ್ಟು ಒಂದು ತೆಂಗಿನಕಾಯಿ ಒಡೆಯುತ್ತಿದ್ದರು. ಅವರ ಕಾಲಾನಂತರ ಈ ತಾಯಿಯವರು ಅದನ್ನು ನಡೆಸಿಕೊಂಡು ಬಂದಿದ್ದರು. ನಮ್ಮ ಮಿತ್ರರು ಅದನ್ನು ಮನೆಯ ವಾಡಿಕೆಯೆಂದೇ ತಿಳಿದಿದ್ದರು.

ನಾವು ತಲೆ ತಗ್ಗಿಸಿ ಕುಳಿತಿದ್ದೆವು. ತಂಡೇಲರು ಮೆಲ್ಲನೆ ಎದ್ದು ಅಂಗಳಕ್ಕಿಳಿದು ಲಂಗರಿನ ಬಳೆಯ ಮೇಲೆ ಕೈಯಿಟ್ಟರು. ಆ ರಾತ್ರಿ ತಾವು ಹದಿಮೂರು ವರ್ಷದ ಹುಡುಗ. ಗಂಗೊಳ್ಳಿಯ ದಡದಲ್ಲಿ ಎಲ್ಲರೂ ಸೂಡಿ ಹಿಡಿದು ನಿಂತಿದ್ದುದು ನೆನಪಿದೆಯೆಂದರು. ಮಂಜಿ ಯಾರದೆಂಬುದು ಅವರಿಗೆ ತಿಳಿದಿತ್ತು. ಈ ಲಂಗರು ಅದರದೆಂದು ತಿಳಿದಿರಲಿಲ್ಲ. “ಎಷ್ಟು ಮಾರು ಹಗ್ಗ ಬಿಟ್ಟಿದ್ದರೋ!” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

“ಅಮ್ಮಾ, ನಾವು ಹುಡುಗನೆದುರು ಅಷ್ಟು ಮಾತನಾಡಬಾರದಿತ್ತು” ಎಂದೆವು. “ಮಾತನಾಡಿದ್ದಕ್ಕೇ ತಾನೇ ನಾನು ಬಾಯಿಬಿಟ್ಟದ್ದು?” ಎಂದು, ಒಳಗಿನಿಂದ ಬೆಲ್ಲ, ನೀರು ತರಿಸಿದರು. ಹುಡುಗನು ಮಾತ್ರ ಲಂಗರಿನ ಹತ್ತಿರವೇ ಕುಳಿತು, ಎರಡು ಹಂಡ್ರೆಡ್‌ವೇಟನ್ನು ಸಣ್ಣ ಹೋಡಿಯಲ್ಲಿ ಇಡುವುದು ಹೇಗೆಂದು ತಂಡೇಲರನ್ನು ಕೇಳುತ್ತಿದ್ದನು. ಅವರು ಒಂದು ಕಡ್ಡಿಯಿಂದ ನೆಲದ ಮೇಲೆ ಬರೆದು ತೋರಿಸಿದರು.

ಮಿತ್ರರು ಮುಂದಿನ ಭಾನುವಾರ ಬಂದರು. ನೋಟುಪುಸ್ತಕವನ್ನು ತೆಗೆದುಕೊಂಡು ‘ಕೇಳಿದ್ದು’ ಎಂಬ ಪಾಲಿನಲ್ಲಿ ತಮ್ಮ ದೊಡ್ಡಪ್ಪನ ಹೆಸರನ್ನೂ, 1958ನೆಯ ಇಸವಿಯನ್ನೂ ಸ್ವಹಸ್ತದಿಂದ ಬರೆದರು. ತೂಕದ ಅಂಕಿಗಳನ್ನು ‘ಕಂಡದ್ದು’ ಎಂಬಲ್ಲಿಗೆ ಸೇರಿಸಬಹುದೇ ಎಂದು ಇಂಜಿನಿಯರು ಅಳುಕುತ್ತ ಕೇಳಲು, ಅದನ್ನೂ ಬರೆದರು. ಮೂರು ವಾರ ಚಹದ ಸರದಿ ತಪ್ಪಿಸಿದುದಕ್ಕಾಗಿ ಸಾಹೇಬರು ಅವರ ಮೇಲೆ ಬಾರ್ಕೂರಿನ ಸುಂಕ ಹೇರಿದರು.

ಈ ಸಲದ ನೂಲ ಹುಣ್ಣಿಮೆಗೆ ನಮ್ಮೆಲ್ಲರಿಗೂ ಆ ಮನೆಯಿಂದ ಕರೆ ಬಂದಿದೆ. ತೆಂಗಿನಕಾಯಿಯನ್ನು ತಂಡೇಲರೇ ಗಂಗೊಳ್ಳಿಯಿಂದ ತರುವರಂತೆ.